ಸುರಂಗದ ಬಾಯಲ್ಲಿ ಕೂತವಳು

ಮೂಡುಬಿದಿರೆಯಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡವನ್ನು ಯಾರೋ ಕೊಂಡುಕೊಂಡು, ಈ ಬೇಸಗೆಯಲ್ಲಿ ಜೆಸಿಬಿ ತಂದು ಕಡಿಯಲು ಶುರುಮಾಡಿದರು. ಸದ್ದಿಗೆ ಕಿವಿ ಬೇಗನೆ ಒಗ್ಗಿಕೊಂಡಿತು. ಮೇಲಿನ ಕೆಂಪು ಮಣ್ಣು ಹೋಯಿತು, ಮುರಕಲ್ಲಿನ ಪದರ ಹೋಯಿತು, ಕೊನೆಗೊಂದು ಸಂಜೆ ಗುಡ್ಡದ ಹೊಟ್ಟೆಯೊಳಗಿನ ಶೇಡಿ ಮಣ್ಣು ಹೊರಬಿತ್ತು. ಶೇಡಿ ಅಂದರೆ ನಮ್ಮ ಕಡೆಯವರಿಗೆ ಗೊತ್ತು: ಬಿಳಿ, ಅಲ್ಲಲ್ಲಿ ನಸುಗೆಂಪು, ಬೆರಳಲ್ಲಿ ಉಜ್ಜಿದರೆ ಬೆಣ್ಣೆಯಂತೆ ಜಾರುವ ಮಣ್ಣು. ಬಿಸಿಲನ್ನೇ ಕಾಣದ ಆ ಮಣ್ಣಿಗೆ ತಣ್ಣಗಿನ ಒಂದು ವಾಸನೆ ಇರುತ್ತದೆ. ನಾನು ದೇವರ ಮುಂದೆ ದೀಪ ಹಚ್ಚಿಟ್ಟು ಕಿಟಕಿ ತೆರೆದೆ. ಗಾಳಿ ನುಗ್ಗಿ ದೀಪ ಆರಿತು. ಆರಿದ ಬತ್ತಿಯ ಹೊಗೆಯೂ ಶೇಡಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದವು. ಬೇರೆಬೇರೆಯಾಗಿ ಬಂದರೆ ಎರಡನ್ನೂ ತಡೆದುಕೊಳ್ಳಬಲ್ಲೆ. ಒಟ್ಟಿಗೆ ಬಂದರೆ ಐವತ್ತು ದಾಟಿದ ಈ ಮೈ ಆರನೇ ಕ್ಲಾಸಿನ ಹುಡುಗಿಯದಾಗಿಬಿಡುತ್ತದೆ. ಕಿಟಕಿ ಮುಚ್ಚಿ ನೆಲದ ಮೇಲೆ ಕುಳಿತುಬಿಟ್ಟೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು. ಇದ್ದರೆ ನಾನು ಹೇಳುವುದು ಅರ್ಥವಾಗುತ್ತದೆ.

ನಮ್ಮ ಮನೆ ಇದ್ದದ್ದು ವಿಟ್ಲದಿಂದ ಆಚೆ, ಗೇರು ಮರಗಳ ಒಂದು ಒಣ ಗುಡ್ಡದ ಇಳಿಜಾರಿನಲ್ಲಿ. ಅಲ್ಲಿ ಬಾವಿ ತೋಡಿದರೆ ಕಲ್ಲು ಸಿಗುತ್ತಿತ್ತೇ ಹೊರತು ನೀರು ಸಿಗುತ್ತಿರಲಿಲ್ಲ. ಹಾಗಾಗಿ ಆ ಕಡೆಯ ಜನ ನೀರಿಗಾಗಿ ಕೆಳಕ್ಕೆ ತೋಡದೆ ಗುಡ್ಡದೊಳಕ್ಕೆ ಅಡ್ಡಡ್ಡವಾಗಿ ಕೊರೆಯುತ್ತಿದ್ದರು. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಅಗಲದ ದಾರಿ, ಅದಕ್ಕೆ ಸುರಂಗ ಎನ್ನುತ್ತೇವೆ. ಒಳಗೆಲ್ಲೋ ಗುಡ್ಡ ಬೆವರಿದ ನೀರು ನೆಲದ ಕಿರುಗಾಲುವೆಯಲ್ಲಿ ಹರಿದು ಹೊರಗೆ ಬರುತ್ತದೆ, ಬಿದಿರು ಸೀಳಿ ಮಾಡಿದ ದಂಬೆಯಲ್ಲಿ ಹಾದು ಕಲ್ಲಿನ ತೊಟ್ಟಿಗೆ, ಅಂದರೆ ಮರಿಗೆಗೆ, ಬೀಳುತ್ತದೆ. ನಮ್ಮ ಮನೆಯ ಹಿಂಬದಿಯಲ್ಲೇ ಅಂಥ ಒಂದು ಸುರಂಗ ಇತ್ತು, ಅಜ್ಜನ ಕಾಲದ್ದು. ಆ ನೀರು ಬೀಳುವ ಸದ್ದಿನಲ್ಲಿ ನಾನು ಹುಟ್ಟಿದ್ದು, ಆ ಸದ್ದಿನಲ್ಲೇ ಉಂಡದ್ದು, ಓದಿದ್ದು. ಬೇಸಗೆಯ ಮಧ್ಯಾಹ್ನ ಸುರಂಗದ ಬಾಯಲ್ಲಿ ಕೂತರೆ ಒಳಗಿನಿಂದ ತಂಪು ಗಾಳಿ ಬಂದು ಬೆವರು ಆರಿಸುತ್ತಿತ್ತು. ಅಮ್ಮ ಮೊಸರಿನ ಮಡಕೆಯನ್ನು ಅಲ್ಲೇ ಇಡುತ್ತಿದ್ದಳು. ಅಪ್ಪ ಊರವರ ಸುರಂಗ ಕೊರೆದು ಸಂಸಾರ ನಡೆಸುತ್ತಿದ್ದರು. ಜೊತೆಗಾರ ಅವರ ತಮ್ಮ, ಸಂಜೀವ ಚಿಕ್ಕಪ್ಪ.

ಚಿಕ್ಕಪ್ಪ ಎಂದು ಹೆಸರಿಗೆ ಮಾತ್ರ. ಮೀಸೆ ಸರಿಯಾಗಿ ಬಂದಿರದಿದ್ದ ಅವನನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಅವನಿಗೆ ಹೆದರಿಕೆ ಅಂದರೇನೆಂದೇ ಗೊತ್ತಿರಲಿಲ್ಲ. ಕತ್ತಲ ಸುರಂಗದೊಳಗೆ ಯಕ್ಷಗಾನದ ಪದ ಎಳೆಯುತ್ತ ಹೋಗುತ್ತಿದ್ದ, ಗೇರು ಮರದ ತುದಿಯಲ್ಲಿ ಕೂತು ಹಣ್ಣು ಎಸೆಯುತ್ತಿದ್ದ. ನಾನೋ, ಹೆದರಿಕೆಯ ಮುದ್ದೆ. ನಾಯಿಗೆ ಹೆದರಿಕೆ, ಬಸ್ಸಿನ ಮೆಟ್ಟಿಲಿಗೆ ಹೆದರಿಕೆ, ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದರೆ ಕಣ್ಣು ಕತ್ತಲೆ. ನಮ್ಮ ಶಾಲೆಯ ಗೋಡೆಯ ಮೇಲೆ ‘ಧೈರ್ಯಂ ಸರ್ವತ್ರ ಸಾಧನಂ’ ಎಂದು ಬರೆದಿತ್ತು; ಅದನ್ನು ಗಟ್ಟಿಯಾಗಿ ಓದಲೂ ನನಗೆ ಧೈರ್ಯವಿರಲಿಲ್ಲ. ಚಿಕ್ಕಪ್ಪ ನನಗೆ ಇಟ್ಟ ಹೆಸರು ಮುಟ್ಟಿದರೆ ಮುನಿ. “ಬಾರೇ ಮುಟ್ಟಿದರೆ ಮುನಿ, ಊಟಕ್ಕೆ ಬಾ, ಅನ್ನ ಕಚ್ಚುವುದಿಲ್ಲ ಮಾರಾಯ್ತಿ” ಎನ್ನುತ್ತಿದ್ದ. ನಾನು ಈ ಗುಣವನ್ನು ಪಡೆದದ್ದು ಅಜ್ಜಿಯಿಂದ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪನ ತಾಯಿಯಾದ ಆ ಅಜ್ಜಿ ಹೊತ್ತು ಮುಳುಗಿದ ಮೇಲೆ ಹಾವಿನ ಹೆಸರು ಎತ್ತಲು ಬಿಡುತ್ತಿರಲಿಲ್ಲ. ‘ಹೋಗ್ತೇನೆ’ ಎಂದು ಹೇಳಿ ಹೊರಟವರನ್ನು ಮರಳಿ ಕರೆದು ‘ಬರ್ತೇನೆ’ ಎಂದು ಹೇಳಿಸುತ್ತಿದ್ದಳು. ಸೀನು ಬಂದರೆ ಹೊರಟವರನ್ನೂ ಕೂರಿಸುತ್ತಿದ್ದಳು. ಸುರಂಗದ ವಿಷಯದಲ್ಲಿ ಅವಳದೊಂದು ಕಟ್ಟಳೆ ಇತ್ತು. ಒಳಗೆ ಒಯ್ಯುವ ಕೈದೀಪವನ್ನು ದೇವರ ಕೋಣೆಯ ದೀಪದಿಂದ ಅವಳೇ ಹಚ್ಚಿಕೊಡಬೇಕು; ಕೆಲಸ ಮುಗಿದ ಮೇಲೆ ಅದು ಉರಿಯುತ್ತಲೇ ಹೊರಗೆ ಬರಬೇಕು. ಮನೆಯ ದೀಪ ಗುಡ್ಡದ ಹೊಟ್ಟೆಯಲ್ಲಿ ಆರಿದರೆ ಮನೆಗೆ ಕೇಡು. ಅಪ್ಪನಿಗೆ ಅದೇ ದೀಪದಿಂದ ಬೇರೆ ಉಪಯೋಗ ಇತ್ತು. ಒಳಗೆ ಗಾಳಿ ಕೆಟ್ಟರೆ ಮೊದಲು ಕುಗ್ಗುವುದು ದೀಪದ ಕುಡಿ. ಕುಡಿ ಕುಗ್ಗಿದರೆ ಹಾರೆ ಬಿಟ್ಟು ಹೊರಗೆ ಬರಬೇಕು. ಅಜ್ಜಿಯೂ ಅಪ್ಪನೂ ಒಂದೇ ದೀಪಕ್ಕೆ ಹೆದರುತ್ತಿದ್ದರು, ಬೇರೆಬೇರೆ ಕಾರಣಕ್ಕೆ. ಈಗ ಯೋಚಿಸಿದರೆ ನನ್ನ ಇಡೀ ಬದುಕು ಆ ಎರಡು ಹೆದರಿಕೆಗಳ ನಡುವೆಯೇ ಕಳೆದಿದೆ ಎನಿಸುತ್ತದೆ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಕೈಕೊಟ್ಟಿತ್ತು. ಶಿವರಾತ್ರಿ ಕಳೆಯುವಷ್ಟರಲ್ಲಿ ದಂಬೆಯ ನೀರು ನೂಲಿನಷ್ಟಾಯಿತು, ಆಮೇಲೆ ತೊಟ್ಟಿಕ್ಕತೊಡಗಿತು. ರಾತ್ರಿ ಆ ಸದ್ದು ನಿಂತು ನಿಂತು ಬರುವಾಗ ಮನೆಯವರೆಲ್ಲ ಎಚ್ಚರವಾಗಿ ಮಲಗಿರುತ್ತಿದ್ದರು. ಅಮ್ಮ ಗುಡ್ಡದ ಕೆಳಗಿನ ನೆರೆಮನೆಯ ಬಾವಿಯಿಂದ ಕೊಡ ಹೊತ್ತು ಏರುತ್ತಿದ್ದಳು. ಆ ಬಾವಿಯೂ ತಳ ಕಾಣುತ್ತಿತ್ತು. ನಮ್ಮ ಸುರಂಗವನ್ನು ಇನ್ನಷ್ಟು ಒಳಕ್ಕೆ ಕೊರೆದು ಹೊಸ ಒಸರು ಹಿಡಿಯದಿದ್ದರೆ ಆ ಬೇಸಗೆ ಮನೆ ಬಿಡಬೇಕಾಗುತ್ತಿತ್ತು. ಅಪ್ಪ ಕೊನೆಯಲ್ಲಿ ಕೂತು ಅಗೆಯುವುದು, ಚಿಕ್ಕಪ್ಪ ಮಣ್ಣನ್ನು ಬುಟ್ಟಿಗೆ ತುಂಬಿ ಎಳೆದು ತರುವುದು, ಅಮ್ಮ ಹೊರಗೆ ಅದನ್ನು ಹೊತ್ತು ಇಳಿಜಾರಿಗೆ ಚೆಲ್ಲುವುದು ಎಂದಾಯಿತು. ಉಳಿದದ್ದು ಬಾಯಿ ಕಾಯುವ ಕೆಲಸ. ಸುರಂಗ ಕೊರೆಯುವಾಗ ಬಾಯಲ್ಲಿ ಒಬ್ಬರು ಕೂರಲೇಬೇಕು. ಒಳಗಿನ ಬೆಳಕು ನೋಡಬೇಕು, ಹಾರೆಯ ಸದ್ದು ಕೇಳಬೇಕು, ಹರಿದು ಬರುವ ನೀರು ಗಮನಿಸಬೇಕು. ಬಾಯಲ್ಲಿ ಕೂತವರು ಕೂಗಿದರೆ ಒಳಗಿದ್ದವರು ಯಾಕೆ ಎಂದು ಕೇಳದೆ ಹೊರಗೆ ಬರಬೇಕು. ಅಪ್ಪ ಆ ಕೆಲಸಕ್ಕೆ ನನ್ನನ್ನು ಕರೆದಾಗ ಚಿಕ್ಕಪ್ಪ ನಗಲು ಶುರುಮಾಡಿದ. “ಅಣ್ಣ, ಇವಳನ್ನಾ? ನಾವು ಒಳಗೆ ಹೋಗುವ ಮೊದಲೇ ಇವಳು ಕೂಗ್ತಾಳೆ.” ಅಪ್ಪ ನಗಲಿಲ್ಲ. “ಧೈರ್ಯ ಇದ್ದವ ಒಳಗೆ ಇರಲಿ. ಬಾಯಲ್ಲಿ ಹೆದರುವವರೇ ಕೂರಬೇಕು” ಎಂದರು. ನನ್ನ ಹೆದರಿಕೆಗೆ ಒಂದು ಕೆಲಸ ಉಂಟು ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಚಿಕ್ಕಪ್ಪ ಹೇಳಿದ್ದೇ ನಿಜವಾಯಿತು. ಮೊದಲ ದಿನವೇ ಒಳಗಿನಿಂದ ಏನೋ ಹಾರಿ ನನ್ನ ಮಡಿಲಿಗೆ ಬಿತ್ತು. ನಾನು ಚೀರಿದ್ದು ಕೇಳಿ ಇಬ್ಬರೂ ಮೊಣಕೈ ತರಚಿಕೊಂಡು ತೆವಳಿ ಬಂದರು. ಕಪ್ಪೆ. ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗೆ ಎನ್ನುತ್ತಾರಲ್ಲ, ನನ್ನ ಪಾಲಿಗೆ ಗಾದೆಯೇ ಜಿಗಿದು ಬಂದಿತ್ತು. ಮರುದಿನ ಒಳಗಿನ ಬೆಳಕು ಫಕ್ಕನೆ ಮಾಯವಾಯಿತು, ಕೂಗಿದೆ, ಬುಟ್ಟಿ ಎಳೆಯುತ್ತಿದ್ದ ಚಿಕ್ಕಪ್ಪನ ಬೆನ್ನು ದೀಪಕ್ಕೆ ಅಡ್ಡ ಬಂದಿತ್ತು, ಅಷ್ಟೆ. ಆಮೇಲೊಮ್ಮೆ ಏನೂ ಆಗಲಿಲ್ಲ. ಹಾರೆಯ ಸದ್ದು ಒಂದು ಗಳಿಗೆ ನಿಂತಿತು, ಗುಡ್ಡವೇ ಉಸಿರು ಹಿಡಿದ ಹಾಗಾಯಿತು, ಕೂಗಿಬಿಟ್ಟೆ. ಅಪ್ಪ ಕೈ ಒರೆಸಿಕೊಳ್ಳಲು ನಿಂತಿದ್ದರಂತೆ. ಪ್ರತಿ ಸಲ ಅವರು ಹೊರಗೆ ಬಂದು, ಉಸಿರು ತಿರುಗಿಸಿಕೊಂಡು, ಮತ್ತೆ ಅಷ್ಟುದ್ದ ಬಗ್ಗಿ ಹೋಗುವಷ್ಟರಲ್ಲಿ ಅರ್ಧ ಹೊತ್ತು ಹೋಗುತ್ತಿತ್ತು. ಚಿಕ್ಕಪ್ಪ ಹಣೆ ಚಚ್ಚಿಕೊಂಡ. “ಹೀಗಾದರೆ ಈ ಜನ್ಮದಲ್ಲಿ ನೀರು ಸಿಗುವುದಿಲ್ಲ ಅಣ್ಣ. ಇವಳಿಗೆ ಅಜ್ಜಿಯ ಪೋಡಿಗೆ ಪೂರ್ತಿ ಬಂದಿದೆ.” ಪೋಡಿಗೆ ಅಂದರೆ ತುಳುವಿನಲ್ಲಿ ಹೆದರಿಕೆ. ಕೊಡ ಹೊತ್ತು ಬಂದ ಅಮ್ಮ ಖಾಲಿ ಮರಿಗೆಯನ್ನು ನೋಡಿದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಪ್ಪ ಆ ಸಂಜೆ ನನ್ನನ್ನು ಸುರಂಗದ ಬಾಯಲ್ಲೇ ಪಕ್ಕದಲ್ಲಿ ಕೂರಿಸಿಕೊಂಡರು. ನನ್ನನ್ನು ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆ; ಅರ್ಧ ಮನಸ್ಸಿಗೆ ಅದೇ ಬೇಕಿತ್ತು. ಅವರು ಕಾಲುವೆಯ ನೀರಿಗೆ ಕೈ ಅದ್ದಿ ನನ್ನ ಅಂಗೈಗೆ ಬಿಟ್ಟರು. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. “ನಾನು ಅಗೆಯುವಾಗ ಹೀಗೆ ಬರ್ತದೆ, ಶೇಡಿಯ ನೀರು. ಇದಕ್ಕೆ ಹೆದರಬೇಡ. ಕೆಂಪು ಬಂದರೆ ಮಾತ್ರ ಅದು ನಾನು ಅಗೆದದ್ದಲ್ಲ, ಮೇಲಿನ ಮಣ್ಣು ಇಳಿದದ್ದು. ಗೊತ್ತಾಯ್ತಾ?” ನಾನು ತಲೆಯಾಡಿಸಿದೆ. ಆಮೇಲೆ ಅವರು ಹೇಳಿದ ಮಾತನ್ನು ನಾನು ಇವತ್ತಿಗೂ ಅವರ ಸ್ವರದಲ್ಲೇ ಕೇಳುತ್ತೇನೆ. “ಹೆದರಿಕೆ ಬಂದ ಕೂಡಲೇ ಕೂಗಬೇಡ ಮಗಾ. ಅದನ್ನೊಮ್ಮೆ ಕೇಳು, ನೀನು ಎಂಥ ನೋಡಿದ್ದಿ ಅಂತ. ನೋಡಿದ್ದನ್ನು ಹೇಳಿದರೆ ಕೂಗು. ಆಗ ನಾಚಿಕೆ ಪಡಬೇಡ, ತಡ ಮಾಡಬೇಡ. ಏನೂ ನೋಡದೆ ಸುಮ್ಮನೆ ಅಳ್ತಾ ಉಂಟಾದರೆ, ಅಳಲಿ, ಪಕ್ಕದಲ್ಲಿ ಕೂರಿಸಿಕೋ.” ಅಪ್ಪನಿಗೂ ಹೆದರಿಕೆ ಆಗುತ್ತದಾ ಎಂದು ಕೇಳಿದೆ. “ಆಗದೆ? ದಿನಾ ಆಗ್ತದೆ. ಸಂಜೀವನಿಗೆ ಆಗುವುದಿಲ್ಲ, ನನಗೆ ಅದೇ ಹೆದರಿಕೆ” ಎಂದು ಎದ್ದರು.

ಅಂದಿನಿಂದ ನಾನು ಕಾಯುವ ರೀತಿ ಬದಲಾಯಿತು. ಹೆದರಿಕೆ ಹೋಯಿತೆಂದು ಹೇಳಿದರೆ ಸುಳ್ಳು. ಅದು ಬಂದಾಗಲೆಲ್ಲ ಕೇಳುತ್ತಿದ್ದೆ, ಎಂಥ ನೋಡಿದ್ದಿ? ಬೆಳಕು ಉಂಟು, ಸದ್ದು ಉಂಟು, ನೀರು ಬೆಳ್ಳಗೆ ಉಂಟು. ಹಾಗಾದರೆ ಕೂತುಕೋ. ಅದು ಗೊಣಗುತ್ತ ಕೂರುತ್ತಿತ್ತು. ಕಣ್ಣು ಕಾಲುವೆಯ ಮೇಲೆ ನೆಟ್ಟು ನೆಟ್ಟು ಉರಿಯುತ್ತಿತ್ತು. ರೆಪ್ಪೆ ಮುಚ್ಚಿದರೆ ಆ ಹೊತ್ತಿಗೇ ಕೆಂಪು ನೀರು ಬಂದು ಹೋದರೇನು ಎಂದು ಒಂದು ಕಣ್ಣಾದ ಮೇಲೆ ಇನ್ನೊಂದನ್ನು ಮುಚ್ಚುತ್ತಿದ್ದೆ. ಕೆಲಸ ಸಾಗಿತು. ಅಪ್ಪ ಹೊರಗೆ ಬಂದಾಗಲೆಲ್ಲ ಕೊನೆಯ ಗೋಡೆ ತಣ್ಣಗಾಗುತ್ತಿದೆ, ನೀರು ಹತ್ತಿರ ಉಂಟು ಎನ್ನುತ್ತಿದ್ದರು. ಅಜ್ಜಿ ಬೆಳಿಗ್ಗೆ ದೀಪ ಹಚ್ಚಿ ಸೆರಗು ಮರೆ ಮಾಡಿ ತಂದುಕೊಡುತ್ತಿದ್ದಳು, ಸಂಜೆ ಚಿಕ್ಕಪ್ಪ ಅದನ್ನು ಉರಿಯುತ್ತಲೇ ತಂದು ಅವಳ ಕೈಗೆ ಕೊಡುತ್ತಿದ್ದ. ಅವಳ ಮುಖ ಆಗ ಸಡಿಲವಾಗುತ್ತಿತ್ತು.

ಆ ದಿನ ಬೆಳಗಿನ ಗಂಜಿ ಉಂಡು ಇಬ್ಬರೂ ಒಳಗೆ ಹೋಗಿದ್ದರು. ಬಿಸಿಲು ಏರಿತ್ತು, ಅಮ್ಮ ನೀರಿಗೆ ಇಳಿದಿದ್ದಳು. ಕಾಲುವೆಯ ಬೆಳ್ಳಗಿನ ನೀರಿನಲ್ಲಿ ಒಂದು ಎಳೆ ಕಂಡಿತು. ಕುಂಕುಮ ಕದಡಿದ ಹಾಗೆ, ತೆಳ್ಳಗೆ. ನನ್ನ ಎದೆಯೊಳಗೆ ಹೆದರಿಕೆ ಎದ್ದು ನಿಂತಿತು. ಮೂರು ಸಲ ನಗೆಪಾಟಲಾಗಿದ್ದೆನಲ್ಲ, ಕಿವಿ ಬಿಸಿಯಾಯಿತು. ಆದರೂ ಕೇಳಿದೆ, ಎಂಥ ನೋಡಿದ್ದಿ? ಕೆಂಪು ನೋಡಿದೆ ಎಂದಿತು. ಎಳೆ ದಪ್ಪವಾಯಿತು. ನಾನು ಸುರಂಗದೊಳಗೆ ತಲೆ ಹಾಕಿ ಕೂಗಿದೆ. “ಅಪ್ಪಾ, ಕೆಂಪು! ಕೆಂಪು ಬಂತು!” ಹಾರೆಯ ಸದ್ದು ನಿಂತಿತು. ಆಮೇಲೆ ಮೊಣಕಾಲು ನೆಲಕ್ಕೆ ಉಜ್ಜುವ ಸದ್ದು, ಏದುಸಿರು. ಅವರು ಬರುವವರೆಗೆ ಎಷ್ಟು ಹೊತ್ತಾಯಿತೋ, ನನಗೆ ಒಂದು ಬೇಸಗೆಯೇ ಕಳೆಯಿತು. ಮೊದಲು ಚಿಕ್ಕಪ್ಪ, ಅವನ ಹಿಂದೆ ಅಪ್ಪ, ಇಬ್ಬರೂ ಬಿಳಿ ಮಣ್ಣು ಮೆತ್ತಿಕೊಂಡು ಬಿಸಿಲಿಗೆ ಬಂದರು. ಅಪ್ಪ ಕಾಲುವೆಗೆ ಬಗ್ಗಿ ನೀರು ನೋಡಿದರು, ನನ್ನನ್ನು ನೋಡಿದರು, ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟರು. ಆ ಕೈಯ ಭಾರ ಈಗಲೂ ಅಲ್ಲಿ ಇದೆ. ಆಮೇಲೆ ಕಣ್ಣಿಗೆ ಬಿದ್ದ ಮಣ್ಣು ತೊಳೆಯಲೆಂದು ಮರಿಗೆಯ ಕಡೆಗೆ ತಿರುಗಿದರು.

ಅದೇ ಹೊತ್ತಿಗೆ ಅಜ್ಜಿ ಬೆಲ್ಲ ಮತ್ತು ನೀರಿನ ಚೆಂಬು ಹಿಡಿದುಕೊಂಡು ಮನೆಯ ಮೂಲೆ ತಿರುಗಿ ಬಂದಳು. ಅವಳು ನನ್ನ ಕೂಗು ಕೇಳಿರಲಿಲ್ಲ. ತನ್ನ ಇಬ್ಬರು ಗಂಡುಮಕ್ಕಳನ್ನು ನೋಡಿದಳು, ಅವರ ಖಾಲಿ ಕೈ ನೋಡಿದಳು. “ತುಡರ್ ಓಲುಂಡು?” ಎಂದು ಕೇಳಿದಳು. ದೀಪ ಎಲ್ಲಿ? ತುಳುವಿನ ಎರಡು ಶಬ್ದ. ಚಿಕ್ಕಪ್ಪ ನಾಲಿಗೆ ಕಚ್ಚಿಕೊಂಡ. “ಅಯ್ಯೋ, ಒಳಗೆ ಗೋಡೆಯ ಗೂಡಿನಲ್ಲೇ ಉಳಿಯಿತು. ನಿಲ್ಲಮ್ಮ, ತರ್ತೇನೆ.” ನಾನು “ಬೇಡ ಚಿಕ್ಕಪ್ಪ, ಕೆಂಪು ಉಂಟು” ಎಂದೆ. ಅವನು ನನ್ನ ಜಡೆ ಎಳೆದು, “ಅಲ್ಲೇ ಉಂಟು ಮಾರಾಯ್ತಿ, ತಿರುವಿನ ಹತ್ತಿರ” ಎನ್ನುತ್ತ ಬಗ್ಗಿ ಹೋದ. ಅಪ್ಪ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದವರು ತಿರುಗಿ “ಸಂಜೀವಾ!” ಎಂದು ಕೂಗಿದರು. ನಾನೂ ಕೂಗಿದೆ. ಬಾಯಲ್ಲಿ ಕೂತವರು ಕೂಗಿದರೆ ಬರಬೇಕು, ಅದು ನಿಯಮ. ದೊಡ್ಡ ಸದ್ದೇನೂ ಆಗಲಿಲ್ಲ. ಒಳಗೆ ಯಾರೋ ಅಕ್ಕಿಮುಡಿ ಇಳಿಸಿದ ಹಾಗೆ ಒಂದು ಸದ್ದು. ಅದರ ಹಿಂದೆಯೇ ಗಾಳಿ ಬಂತು. ಶೇಡಿಯ ತಣ್ಣನೆಯ ವಾಸನೆ, ಅದರೊಳಗೆ ಆರಿದ ಬತ್ತಿಯ ಹೊಗೆ. ಅಜ್ಜಿಯ ಕೈಯಿಂದ ಚೆಂಬು ಬಿದ್ದು ಇಳಿಜಾರಿನಲ್ಲಿ ಉರುಳುತ್ತ ಹೋದದ್ದು ನೆನಪಿದೆ. ಅಪ್ಪ ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದರು. ಊರವರು ಓಡಿ ಬಂದರು. ಮಧ್ಯಾಹ್ನ ತಿರುಗಿದ ಮೇಲೆ ಚಿಕ್ಕಪ್ಪನನ್ನು ಹೊರಗೆ ತಂದರು. ಅವನ ಕೈಯಲ್ಲಿ ದೀಪ ಇತ್ತು, ಮುಖ ಹೊರಗಿನ ಕಡೆಗಿತ್ತು.

ಚಿಕ್ಕಪ್ಪನ ಬೊಜ್ಜ, ಅಂದರೆ ಉತ್ತರಕ್ರಿಯೆಯ ದಿನ, ಇನ್ನೂ ಬಂದಿರಲಿಲ್ಲ, ಸುರಂಗದಿಂದ ನೀರು ಹರಿಯತೊಡಗಿತು. ಮೊದಲು ಕೆಂಪಗೆ, ಆಮೇಲೆ ಕಲಕಲಾಗಿ, ಕೊನೆಗೆ ಕನ್ನಡಿಯಷ್ಟು ತಿಳಿಯಾಗಿ, ಅಜ್ಜನ ಕಾಲದಲ್ಲೂ ಬಂದಿರದಷ್ಟು. ಮರಿಗೆ ತುಂಬಿ ಅಂಗಳಕ್ಕೆ ಹರಿಯಿತು. ಅಮ್ಮ ಕೊಡ ಹಿಡಿದುಕೊಂಡು ಅದರ ಮುಂದೆ ನಿಂತಳು, ಕೊಡ ಅದ್ದಲು ಅವಳಿಂದ ಆಗಲಿಲ್ಲ. ಅಪ್ಪ ಹೋಗಿ ಬೊಗಸೆ ಒಡ್ಡಿ ಕುಡಿದರು. “ಕುಡೀರಿ. ಅವ ತೆಗೆದ ನೀರು” ಎಂದರು. ನಾವು ಕುಡಿದೆವು. ಆ ನೀರಲ್ಲೇ ಅನ್ನ ಬೆಂದಿತು, ಆ ನೀರಲ್ಲೇ ನಾನು ದೊಡ್ಡವಳಾದೆ. ಅಜ್ಜಿ ಮಾತ್ರ ಕುಡಿಯಲಿಲ್ಲ. ಕೈಲಾಗುವವರೆಗೆ ಕೆಳಗಿನ ಬಾವಿಯಿಂದ ತನಗೊಂದು ಚಿಕ್ಕ ಕೊಡಪಾನ ತಾನೇ ತಂದುಕೊಂಡಳು. ಇನ್ನೊಂದು ಬದಲಾವಣೆಯನ್ನು ಮನೆಯಲ್ಲಿ ಯಾರು ಗಮನಿಸಿದರೋ ಇಲ್ಲವೋ, ನಾನು ಗಮನಿಸಿದೆ. ಅಜ್ಜಿ ಆಮೇಲೆ ಯಾರ ಹತ್ತಿರವೂ ಯಾವ ವಸ್ತುವೂ ‘ಎಲ್ಲಿ’ ಎಂದು ಕೇಳಲಿಲ್ಲ. ಎಲೆಯಡಿಕೆಯ ತಟ್ಟೆ ಕಾಣದಿದ್ದರೆ ಎದ್ದು ಮನೆಯಿಡೀ ಹುಡುಕುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೂ ಗೋಡೆ ಸವರುತ್ತ, ಮಣೆ ಸವರುತ್ತ ಹುಡುಕುತ್ತಿದ್ದಳು. ಬಾಯಿ ತೆರೆದು ಕೇಳಲಿಲ್ಲ. ನಾನು ತಂದು ಕೈಗೆ ಇಡುತ್ತಿದ್ದೆ. ಅವಳು ನನ್ನ ಬೆರಳು ಒಂದು ಗಳಿಗೆ ಹಿಡಿದು ಬಿಡುತ್ತಿದ್ದಳು. ನನಗೆ ಅವಳ ಮೇಲೆ ಕನಿಕರವಿತ್ತು, ಸಿಟ್ಟೂ ಇತ್ತು. ಬೇಡದ ಆ ಒಂದು ಪ್ರಶ್ನೆ ಅವಳ ಬಾಯಿಂದ ಬಾರದಿದ್ದರೆ ಎಂದು ಎಷ್ಟು ವರ್ಷ ಲೆಕ್ಕ ಹಾಕಿದೆನೋ. ಅವಳು ಹೋದಾಗಲೂ ಆ ಸಿಟ್ಟು ಪೂರ್ತಿ ಹೋಗಿರಲಿಲ್ಲ.

ಅದಾದ ಮೇಲೆ ನನ್ನ ಹೆದರಿಕೆ ಪಕ್ಕದಲ್ಲಿ ಕೂರುವುದನ್ನು ಬಿಟ್ಟು ಯಜಮಾನಿಕೆಗೆ ನಿಂತಿತು. ಅದಕ್ಕೆ ಎದುರು ಹೇಳುವ ಹಕ್ಕು ನನಗೆಲ್ಲಿತ್ತು? ಅದು ಹೇಳಿದ್ದು ನಿಜವಾಗಿತ್ತಲ್ಲ. ಮಂಗಳೂರಿನ ಕಾಲೇಜು ಬೇಡ ಎಂದಿತು, ಹೋಗಲಿಲ್ಲ. ಮದುವೆಯಾಗಿ ಮೂಡುಬಿದಿರೆಗೆ ಬಂದೆ, ಟೀಚರಾದೆ. ಮಗಳು ಧನ್ಯಾ ಹುಟ್ಟಿದ ಮೇಲಂತೂ ಹಗ್ಗವೆಲ್ಲ ಹಾವಾಯಿತು. ಅವಳನ್ನು ಶಾಲೆಯ ಪ್ರವಾಸಕ್ಕೆ ಕಳಿಸಲಿಲ್ಲ, ಸೈಕಲ್ ಕೊಡಿಸಲಿಲ್ಲ, ಕೆರೆಗೆ ಇಳಿಸಲಿಲ್ಲ. ಒಂದು ಸಲ ಅಪ್ಪ ಬಂದಿದ್ದರು. ಅಷ್ಟರಲ್ಲಿ ಮುದುಕರಾಗಿದ್ದರು, ಸುರಂಗದ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಧನ್ಯಾ ಪ್ರವಾಸಕ್ಕೆ ಹೋಗಬೇಕೆಂದು ಅಳುತ್ತ ಮಲಗಿದ್ದಳು. ಅಪ್ಪ ನನ್ನನ್ನು ಕರೆದು ಕೇಳಿದರು, “ಎಂಥ ನೋಡಿದ್ದಿ ಮಗಾ?” ನೋಡಿದ್ದು ಏನೂ ಇರಲಿಲ್ಲ, ಹಳೆಯ ಸುರಂಗ ಬಿಟ್ಟರೆ. “ಆ ದಿನ ನಿನ್ನ ಹೆದರಿಕೆ ನನ್ನ ಜೀವ ಉಳಿಸಿತು. ಅದನ್ನು ಓಡಿಸು ಅಂತ ನಾನು ಹೇಳಲಿಕ್ಕಿಲ್ಲ. ಚಾವಡಿಯಲ್ಲಿ ಅದಕ್ಕೊಂದು ಮಣೆ ಕೊಡು, ಚಾ ಕೊಡು. ಮನೆಯ ಬೀಗದಕೈ ಕೊಡಬೇಡ.” ಅಪ್ಪ ಅಷ್ಟೇ ಹೇಳಿ ಮೊಮ್ಮಗಳ ಹತ್ತಿರ ಹೋಗಿ ಕೂತರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಆಮೇಲೆ ಧನ್ಯಾಳ ಚೀಲಕ್ಕೆ ಬಟ್ಟೆ ತುಂಬಿದೆ. ಅವಳು ಪ್ರವಾಸದಿಂದ ಮರಳುವವರೆಗೆ ನನ್ನ ಹೊಟ್ಟೆಗೆ ಊಟ ಸೇರಲಿಲ್ಲ. ಆದರೆ ಬೀಗದಕೈ ಅಂದಿನಿಂದ ನನ್ನ ಸೊಂಟದಲ್ಲೇ ಇದೆ.

ಈಗ ಅಪ್ಪ ಇಲ್ಲ, ಅಮ್ಮ ಇಲ್ಲ. ವಿಟ್ಲದಾಚೆಯ ಆ ಗುಡ್ಡದಲ್ಲಿ ರಬ್ಬರ್ ಮರಗಳಿವೆ, ಮೇಲ್ಗಡೆ ಬೋರ್‌ವೆಲ್ ಬಂದಿದೆ. ಮನೆಯ ಹಂಚು ಇಳಿಸಿ, ಮರ ಮಾರಿ, ಗೋಡೆಯನ್ನು ಮಳೆಗೆ ಬಿಟ್ಟಾಯಿತು. ಕಳೆದ ವರ್ಷ ಹೋದಾಗ ದೇವರ ಕೋಣೆ ಎಲ್ಲಿತ್ತೆಂದು ಕಾಲಿನಿಂದ ಅಳೆದು ಊಹಿಸಬೇಕಾಯಿತು. ಸುರಂಗದ ಬಾಯಿ ಜರಿಗಿಡಗಳಲ್ಲಿ ಮುಚ್ಚಿಹೋಗಿದೆ. ಗಿಡ ಸರಿಸಿ ಕಿವಿಯಿಟ್ಟೆ. ಒಳಗೆ ಎಲ್ಲೋ ತೊಟ್ಟಿಕ್ಕುತ್ತಿತ್ತು.

ಜೆಸಿಬಿ ಶೇಡಿ ಅಗೆದುಹಾಕಿದ ಬೇಸಗೆ ಮುಗಿದು ಮಳೆ ಹಿಡಿದಿತ್ತು. ಒಂದು ಭಾನುವಾರ ಧನ್ಯಾ ಗೆಳತಿಯ ಜೊತೆ ಸ್ಕೂಟರಿನಲ್ಲಿ ಬೆಳ್ತಂಗಡಿ ಕಡೆಯ ಹೊಳೆ ನೋಡಲು ಹೊರಟಳು. ಘಟ್ಟದ ಬುಡದ ಹೊಳೆ, ಬಂಡೆಗಳ ಮೇಲೆ ಕೂತು ಕಾಲು ಇಳಿಬಿಡುವ ಜಾಗ. ಇಪ್ಪತ್ತು ದಾಟಿದ ಮಗಳು; ಬೇಡ ಎನ್ನಲು ನಾನು ಯಾರು? ಆದರೂ ಹೆದರಿಕೆ ಎಂಬ ಒಳಗಿನವಳು ಮಣೆಯಿಂದ ಎದ್ದಳು. ಎಂಥ ನೋಡಿದ್ದಿ ಎಂದು ಕೇಳಿದೆ. ಈ ಸಲ ಉತ್ತರ ಇತ್ತು: ಘಟ್ಟದ ಮೇಲೆ ಕಪ್ಪು ಮೋಡ, ಹೊಸ ಮಳೆ. ನಾನು ಗೇಟಿನವರೆಗೆ ಹೋಗಿ ಹೇಳಿದೆ. “ಹೋಗು. ನೀರಿನ ಬಣ್ಣ ಮಾತ್ರ ನೋಡುತ್ತಾ ಇರು. ಕೆಂಪಾಯಿತೆಂದರೆ ಮೇಲಿನ ಮಣ್ಣು ಇಳಿದಿದೆ ಅಂತ ಲೆಕ್ಕ, ಮೇಲೆ ಹತ್ತಿಬಿಡಬೇಕು. ಏನು ಉಳಿದರೂ ಉಳಿಯಲಿ, ತರಲಿಕ್ಕೆ ಅಂತ ಮತ್ತೆ ಇಳಿಯಬಾರದು.” ಅವಳು ನಕ್ಕಳು. “ಆಯ್ತಮ್ಮ, ನಾನೇನು ಚಿಕ್ಕ ಮಗುವಾ” ಎಂದು ಗಾಡಿ ಹತ್ತಿದಳು.

ಮಧ್ಯಾಹ್ನ ಫೋನು ಮಾಡಿದೆ, ಹೋಗಲಿಲ್ಲ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಗೊತ್ತಿತ್ತು. ಮಳೆ ಜೋರಾಯಿತು. ಒಗೆದ ಬಟ್ಟೆಯನ್ನೇ ಮತ್ತೆ ಮಡಚಿದೆ. ಮತ್ತೆ ಫೋನು ಮಾಡಿದೆ. ಒಳಗಿನವಳು ಅಳುತ್ತಿದ್ದಳು, ಅಳಲಿ ಎಂದು ಬಿಟ್ಟೆ. ಜಗಲಿಯ ಕಂಬ ಹಿಡಿದು ಗೇಟನ್ನೇ ನೋಡುತ್ತ ನಿಂತೆ. ದೀಪ ಹಚ್ಚುವ ಹೊತ್ತಿಗೆ ಗೇಟಿನ ಸದ್ದಾಯಿತು. ಧನ್ಯಾ ಬಂದಳು. ಮೈಯೆಲ್ಲ ಒದ್ದೆ, ಮೊಣಕಾಲಿನವರೆಗೆ ಕೆಂಪು ಮಣ್ಣು, ಬರಿಗಾಲು. ಅವಳು ಜೀವಂತವಾಗಿ ನನ್ನೆದುರು ನಿಂತಿದ್ದಳು. ಅಪ್ಪಿಕೊಳ್ಳಬೇಕಿತ್ತು, ಎಲ್ಲಿ ಪೆಟ್ಟಾಯಿತು ಎಂದು ನೋಡಬೇಕಿತ್ತು. ನನ್ನ ಬಾಯಿಂದ ಮೊದಲು ಬಂದದ್ದು ಮಾತ್ರ ಇದು:

“ಚಪ್ಪಲಿ ಓಲುಂಡು?”

ಹೇಳಿದ ಮೇಲೆ ನನ್ನ ಸ್ವರ ನನಗೆ ಕೇಳಿಸಿತು. “ಅಲ್ಲೇ ಬಿಟ್ಟೆ ಅಮ್ಮ” ಎಂದಳು ಧನ್ಯಾ, ಹಲ್ಲು ಕಡಕಡ ಎನ್ನುತ್ತಿತ್ತು. “ನೀರು ಕೆಂಪಾಯ್ತು. ನೀನು ಹೇಳಿದ್ದು ನೆನಪಾಗಿ ಇಬ್ಬರೂ ಹತ್ತಿದೆವು. ಅವಳು ಚಪ್ಪಲಿ ತರ್ತೇನೆ ಅಂತ ಇಳಿಯಲು ಹೊರಟಳು, ನಾನು ಕೈ ಬಿಡಲಿಲ್ಲ. ನೋಡ್ತಾ ಇದ್ದ ಹಾಗೇ ನಾವು ಕೂತಿದ್ದ ಬಂಡೆಯೇ ಕಾಣಲಿಲ್ಲ ಅಮ್ಮ.” ನಾನು ಅವಳನ್ನು ಮೆಟ್ಟಿಲಿನ ಮೇಲೆ ಕೂರಿಸಿ ಚೆಂಬಿನಿಂದ ಕಾಲಿಗೆ ನೀರು ಹಾಕತೊಡಗಿದೆ. ನಲವತ್ತು ವರ್ಷ ನಾನು ಕೆಟ್ಟದ್ದೆಂದು ಎಣಿಸಿದ್ದ ಆ ಮಾತು ಎಷ್ಟು ಸುಲಭವಾಗಿ ಬಂತು. ಅದರೊಳಗೆ ಕೇಡಿನ ಭಯವೂ ಇರಲಿಲ್ಲ, ಏನೂ ಇರಲಿಲ್ಲ. ಮಕ್ಕಳು ಕಣ್ಣೆದುರು ಬಂದು ನಿಂತರೆ ಮನೆಯ ಹೆಂಗಸು ಕೇಳುವ ಮಾತು ಅದು. ಅಜ್ಜಿಯೂ ಅಷ್ಟನ್ನೇ ಕೇಳಿದ್ದು.

“ಹೋಗಲಿ ಬಿಡಿ ಅಜ್ಜಿ” ಎಂದೆ.

ಧನ್ಯಾ ಮುಖವೆತ್ತಿ ನನ್ನನ್ನು ನೋಡಿದಳು. ನಾನು ನೀರು ಹಾಕುತ್ತಲೇ ಇದ್ದೆ. ಮೆಟ್ಟಿಲಿನಿಂದ ಇಳಿದು ಹೋಗುತ್ತಿದ್ದ ನೀರು ಮೊದಲು ಕೆಂಪಗಿತ್ತು, ಆಮೇಲೆ ತಿಳಿಯಾಯಿತು.